ನಲವತ್ತೊಂದನೇ ಮನೆ

ಫೆಬ್ರವರಿ ಹತ್ತೊಂಬತ್ತರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕರಿಗುಡ್ಡದ ಚಿನ್ನದ ಗಣಿಯಲ್ಲಿ ನಲವತ್ತೊಂದನೇ ಟೊಪ್ಪಿಗೆಯ ಮನೆಯನ್ನು ಕಿತ್ತು ಹದಿನಾರು ಇರುವೆಗಳಿಗೆ ಹಂಚಲಾಯಿತು. ಆ ಟೊಪ್ಪಿಗೆ ಹಾಕಿಕೊಂಡಿದ್ದವನ ಹೆಸರು ಹುಸೇನಪ್ಪ. ಅವನು ಹನ್ನೊಂದು ಗಂಟೆ ಐವತ್ತೆರಡು ನಿಮಿಷದ ತನಕ ಬದುಕಿದ್ದ.

ಈ ಮನೆ ಕಲ್ಲು ಮಣ್ಣಿನದಲ್ಲ. ಕರಿಗುಡ್ಡದ ಗಣಿ ನೆಲದೊಳಕ್ಕೆ ಸಾವಿರದ ನಾನೂರು ಮೀಟರ್ ಇಳಿದಿದೆ. ಅಷ್ಟು ಆಳದಿಂದ ಮೇಲಕ್ಕೆ ಬರುವ ತಂತಿ ಒಂದೇ. ಒಂದು ಪಾಳಿಗೆ ಎಪ್ಪತ್ತೆರಡು ಜನ ಇಳಿಯುತ್ತಾರೆ; ಒಬ್ಬೊಬ್ಬನ ಟೊಪ್ಪಿಗೆಯಲ್ಲೂ ಒಂದು ಕಿವಿ, ಒಂದು ಬಾಯಿ. ಎಪ್ಪತ್ತೆರಡು ಬಾಯಿಯ ಮಾತು ಒಂದೇ ತಂತಿಗೆ ಒಟ್ಟಿಗೆ ನುಗ್ಗಿದರೆ ಮೇಲೆ ಕೇಳಿಸುವುದು ಸಂತೆಯ ಗದ್ದಲ ಮಾತ್ರ. ಅದಕ್ಕೆ ಹಿಂದಿನವರು ಒಂದು ಉಪಾಯ ಮಾಡಿದ್ದರು. ಕಾಲವನ್ನು ಈರುಳ್ಳಿ ಹೆಚ್ಚಿದಂತೆ ಸಣ್ಣಗೆ ಹೆಚ್ಚಿದ್ದರು. ಒಂದು ಸೆಕೆಂಡಿಗೆ ಎಂಟು ಸಾವಿರ ಸುತ್ತು. ಒಂದೊಂದು ಸುತ್ತಿನಲ್ಲಿ ತೊಂಬತ್ತಾರು ಮನೆ. ಒಂದನೇ ಮನೆ ಒಂದನೇ ಟೊಪ್ಪಿಗೆಗೆ, ಎರಡನೆಯದು ಎರಡನೆಯದಕ್ಕೆ, ಹಾಗೇ ಎಪ್ಪತ್ತೆರಡರ ತನಕ. ಉಳಿದ ಇಪ್ಪತ್ನಾಲ್ಕು ಮನೆ ಗಾಳಿ ಬೀಸುವ, ನೀರೆತ್ತುವ ಯಂತ್ರಗಳಿಗೆ. ತನ್ನ ಮನೆ ಬಂದಾಗ ಒಂದು ಚೂರು ದನಿ ಇಟ್ಟು ಸರಿದುಕೊಳ್ಳಬೇಕು, ಮತ್ತೆ ಸುತ್ತು ಬಂದಾಗ ಇನ್ನೊಂದು ಚೂರು. ಸುತ್ತು ತಿರುಗುವ ರಭಸಕ್ಕೆ ಆ ಚೂರುಗಳೆಲ್ಲ ಮೇಲೆ ಕೂಡಿಕೊಂಡು, ಹೊಲಿಗೆಯೇ ಕಾಣದ ಬಟ್ಟೆಯಂತೆ ಇಡಿಯ ಮಾತಾಗುತ್ತಿದ್ದವು. ಒಬ್ಬ ಬಾಯಿ ಮುಚ್ಚಿಕೊಂಡಿದ್ದರೆ ಅವನ ಮನೆ ಖಾಲಿ ಬರುತ್ತಿತ್ತು, ಖಾಲಿ ಹೋಗುತ್ತಿತ್ತು. ಅದಕ್ಕೆ ಬೇರೆ ಯಾರೂ ಕಾಲಿಡುತ್ತಿರಲಿಲ್ಲ.

ಮೇಲೆ ಈ ತಂತಿಯ ತುದಿಗೆ ಕಿವಿಗೊಟ್ಟು ಕೂತವಳು ಹುಲಿಗೆಮ್ಮ. ಕಂಪನಿಯ ಕಾಗದದಲ್ಲಿ ಅವಳಿರುವ ಕೋಣೆಗೆ ಸಂಪರ್ಕ ನಿಯಂತ್ರಣ ಕೇಂದ್ರವೆಂಬ ಹೆಸರಿದೆ. ಕರಿಗುಡ್ಡದ ಬಾಯಲ್ಲಿ ಅದು ತಂತಿಮನೆ. ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷದಿಂದ ಅಲ್ಲೇ ಕೆಲಸ. ಎದುರಿನ ಹಲಗೆಯಲ್ಲಿ ಎಪ್ಪತ್ತೆರಡು ಸಣ್ಣ ದೀಪ. ಯಾವ ಗಂಟಲು ಯಾರದೆಂದು ದೀಪ ನೋಡದೆಯೇ ಹೇಳಬಲ್ಲಳು. ಕೆಮ್ಮು ಕೇಳಿ ಯಾರ ಎದೆಯಲ್ಲಿ ಕಲ್ಲುಧೂಳು ಎಷ್ಟು ಕೂತಿದೆಯೆಂದು ಅಂದಾಜು ಮಾಡುತ್ತಿದ್ದಳು. ಆ ಅಂದಾಜು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಕಾಲು ಗಂಟೆಗೊಮ್ಮೆ ಅವಳು ಕೇಳುತ್ತಿದ್ದಳು: "ಎಲ್ಲಾರೂ ಅದೀರೇನ್ರಪಾ?"

ಎಪ್ಪತ್ತೆರಡು ದೀಪ ಮಿಣುಕುತ್ತಿದ್ದವು. ಎಪ್ಪತ್ತೆರಡು ಕಡೆಯಿಂದ ಒಂದೇ ಉತ್ತರ: ಹೂಂ.

ಅದು ತಂತಿಗಿಂತ ಹಳೆಯ ರೂಢಿ. ತಂತಿಯಿಲ್ಲದ ಕಾಲದಲ್ಲಿ ಜೋಡಿಯಾಗಿ ಇಳಿಯುತ್ತಿದ್ದರು. ಒಬ್ಬ ಒಳಗೆ ಕಲ್ಲು ಕಡಿಯುತ್ತಿದ್ದ, ಇನ್ನೊಬ್ಬ ಸುರಂಗದ ಬಾಯಲ್ಲಿ ನಿಂತು ಏನಾದರೊಂದು ಹೇಳುತ್ತಿದ್ದ: ಕತೆ, ಬೈಗುಳ, ಹೆಂಡತಿಯ ತವರಿನ ಜಗಳ. ಒಳಗಿನವನು ಹೂಂಗುಡಬೇಕು. ಹೂಂ ನಿಂತರೆ ಹೊರಗಿನವನು ಹಗ್ಗ ಹಿಡಿದು ಒಳಗೆ ನುಗ್ಗಬೇಕು. ಕರಿಗುಡ್ಡದಲ್ಲಿ ಎಷ್ಟೋ ಜನರ ಅಪ್ಪಂದಿರು ಈ ಒಂದು ಹೂಂನಿಂದ ಮನೆಗೆ ಮರಳಿದ್ದರು.

ಆಮೇಲೆ ಇರುವೆಗಳು ಬಂದವು. ಅಂಗೈಯಗಲದ ಆರು ಕಾಲಿನ ಯಂತ್ರಗಳು. ಬಿರುಕಿನಲ್ಲಿ ತೂರಿ, ಕಲ್ಲು ಕೆರೆದು, ಚಿನ್ನದ ಎಳೆ ಎಲ್ಲಿದೆಯೆಂದು ಮೇಲಕ್ಕೆ ವರದಿ ಮಾಡುತ್ತವೆ. ಮೊದಲು ಇನ್ನೂರು, ಆಮೇಲೆ ಎಂಟುನೂರು, ಎರಡು ವರ್ಷದಲ್ಲಿ ಮೂರು ಸಾವಿರ. ಇರುವೆ ಬಂದ ಮೇಲೆ ಜೋಡಿ ಯಾಕೆಂದು ಕಂಪನಿ ಜೋಡಿ ಮುರಿಯಿತು. ಒಂದು ಸುರಂಗಕ್ಕೆ ಒಬ್ಬನೇ ಮನುಷ್ಯ, ಸುತ್ತ ಇರುವೆಗಳ ದಂಡು. ಇರುವೆಗಳ ವರದಿ ಹೊರಲು ಇಪ್ಪತ್ನಾಲ್ಕು ಮನೆ ಎಲ್ಲಿ ಸಾಕಾದೀತು? ಎರಡನೇ ತಂತಿ ಎಳೆಯಬಹುದಿತ್ತು. ಎಳೆಯಲು ಗಣಿಯನ್ನು ಎರಡು ತಿಂಗಳು ನಿಲ್ಲಿಸಬೇಕಿತ್ತು. ಗಣಿ ನಿಲ್ಲಿಸುವುದಕ್ಕಿಂತ ಮನುಷ್ಯರ ಮನೆಗೆ ಕೈಹಾಕುವುದು ಸುಲಭವೆಂದು ಮೇಲಿನವರಿಗೆ ತೋಚಿತು.

ಹೀಗೆ ಬಂದದ್ದು ದಲಾಲಿ ಎಂಬ ಯಂತ್ರ. ಪೆಟ್ಟಿಗೆಯ ಮೇಲೆ ಏನೋ ಚೆಂದದ ಹೆಸರಿತ್ತು. ಗಣಿಯವರು ಮೊದಲ ದಿನವೇ ಅದಕ್ಕೆ ಸಲ್ಲುವ ಹೆಸರಿಟ್ಟರು. ಅದರ ಕೆಲಸ ಇಷ್ಟೆ: ಯಾರು ಮಾತಾಡುತ್ತಿಲ್ಲವೋ ಅವರ ಮನೆ ಕಿತ್ತು ಇರುವೆಗಳಿಗೆ ಹಂಚುವುದು. ಟೊಪ್ಪಿಗೆ ಮಾತು ಕೇಳಿಸಿಕೊಂಡ ಕೂಡಲೇ ಮನೆ ವಾಪಸು ಕೇಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ದಲಾಲಿ ಕೊಡುತ್ತದೆ.

"ನೋಡಮ್ಮ, ಲೆಕ್ಕ ತುಂಬ ಸರಳ," ಎಂದು ಮ್ಯಾನೇಜರ್ ದಿವಾಕರ ಸಾಹೇಬರು ಅಂದು ವಿವರಿಸಿದ್ದರು. ಸಾಹೇಬರು ತೆಂಕಣದವರು. ದನಿ ಏರಿಸುತ್ತಿರಲಿಲ್ಲ, ಎದುರಿಗಿದ್ದವರಿಗೆ ಕುರ್ಚಿಯನ್ನೂ ತೋರಿಸುತ್ತಿರಲಿಲ್ಲ. "ಇವರು ಎಂಟು ಗಂಟೆಯಲ್ಲಿ ಮಾತಾಡೋದು ಎಷ್ಟು? ನೂರಕ್ಕೆ ನಾಲ್ಕು ಪಾಲು. ಮಿಕ್ಕ ತೊಂಬತ್ತಾರು ಪಾಲು ಖಾಲಿ ತಂತಿ. ಖಾಲಿ ಓಡಿಸೋದು ಯಾವ ನ್ಯಾಯ?"

"ಅದು ಖಾಲಿ ಅಲ್ಲರಿ. ಅವರಿಗಂತ ಕಾದಿಟ್ಟದ್ದು."

"ಎರಡೂ ಒಂದೇ."

ಎರಡೂ ಒಂದೇ ಎಂದವರಿಗೆ ಹೇಳಬೇಕಾದ ಮಾತು ಹುಲಿಗೆಮ್ಮನಿಗೆ ಕ್ವಾರ್ಟರ್ಸಿನ ನಳದ ಹತ್ತಿರ ಹೋದಾಗ ಹೊಳೆಯಿತು. ಅಲ್ಲಿ ಐವತ್ತು ಮನೆಗೆ ಒಂದೇ ನಳ. ಬೆಳಿಗ್ಗೆ ಕೊಡಗಳ ಸಾಲು. ಯಾವಳಿಗಾದರೂ ಒಲೆಯ ಮೇಲೆ ಹಾಲು ನೆನಪಾದರೆ ತನ್ನ ಜಾಗದಲ್ಲಿ ಒಂದು ಕಲ್ಲಿಟ್ಟು ಓಡುತ್ತಾಳೆ. ಆ ಕಲ್ಲನ್ನು ದಾಟಿ ಯಾರೂ ಕೊಡ ಸರಿಸುವುದಿಲ್ಲ. ಕಲ್ಲು ನೀರು ತುಂಬುವುದಿಲ್ಲವಲ್ಲ, ಅದಕ್ಕೆ ಪಾಳಿ ಯಾಕೆಂದು ಈವರೆಗೆ ಯಾವಳೂ ಕೇಳಿಲ್ಲ. ಕೇಳಿದ್ದರೆ ಅವಳ ಕೊಡ ಅಲ್ಲೇ ಒಡೆಯುತ್ತಿತ್ತು.

ಮೊದಲ ತಿಂಗಳು ಪರೀಕ್ಷೆಗೆಂದು ನಲವತ್ತೊಂದರಿಂದ ಅರವತ್ತರ ತನಕ ಇಪ್ಪತ್ತು ಟೊಪ್ಪಿಗೆಗಳನ್ನು ದಲಾಲಿಯ ಕೈಗೆ ಕೊಟ್ಟರು. ಮೊದಲ ದಿನವೇ ಆ ಇಪ್ಪತ್ತೂ ಜನ ಮೂಕರಾದರು. ಹುಲಿಗೆಮ್ಮ ಕೇಳಿದರೆ ಐವತ್ತೆರಡು ಹೂಂ ಬರುತ್ತಿದ್ದವು. ಇಪ್ಪತ್ತು ದೀಪ ಮಿಣುಕದೆ ಹಸಿರಾಗಿ ಉರಿಯುತ್ತಿದ್ದವು. ಟೊಪ್ಪಿಗೆ ಕೆಟ್ಟಿಲ್ಲ, ಮನುಷ್ಯ ಸುಮ್ಮನಿದ್ದಾನೆ ಎಂದು ಹಸಿರಿನ ಅರ್ಥ.

"ಸುಮ್ಮನಿಲ್ಲರಿ, ಹೂಂ ಅನ್ನಾಕತ್ತಾರ. ನಿಮ್ಮ ಪೆಟಗಿ ಕಳಸವಲ್ದು," ಎಂದಳು.

ಹಾಗಾದರೆ ಬಾಯಿಬಿಟ್ಟು 'ಹಾಜರ್' ಅನ್ನಲಿ ಎಂದು ಸಾಹೇಬರು ಜನರನ್ನು ಗಣಿಗೆ ಇಳಿಸುವ ಕೇಜಿನ ಕಟ್ಟೆಯ ಮೇಲೆ ನೋಟೀಸು ಅಂಟಿಸಿದರು. ಗಣಿಯವರು ಅದನ್ನೇ ಆಟ ಮಾಡಿಕೊಂಡರು. ಹುಸೇನಪ್ಪನಂತೂ ಕಾಲು ಗಂಟೆಗೊಮ್ಮೆ ನಾಟಕದ ದನಿ ತೆಗೆದು ಕೂಗುತ್ತಿದ್ದ: "ಹಾಜರ್ ಸಾಹೇಬ್ರ! ಸತ್ತ ಮ್ಯಾಲೂ ಹಾಜರ್!"

ಐವತ್ತು ದಾಟಿದ ಆಸಾಮಿ, ಬಾಯಿ ತೆರೆದರೆ ಚೇಷ್ಟೆ. ಹುಲಿಗೆಮ್ಮನನ್ನು ತಂಗಿಯೆಂದೇ ಕರೆಯುತ್ತಿದ್ದ. ಹನ್ನೊಂದು ಗಂಟೆಯ ಬಿಡುವಿನಲ್ಲಿ ಅವಳು ಪೇಪರ್ ಓದುತ್ತಿದ್ದಳು. ಮೇಲಿಂದ ಕೆಳಕ್ಕೆ ಹೋಗುವ ದನಿಗೆ ತೊಡಕಿಲ್ಲ, ಅವಳೊಬ್ಬಳದೇ ಬಾಯಿ, ಉಳಿದವರೆಲ್ಲ ಕಿವಿ. ಕೆಳಗೆ ರೊಟ್ಟಿ ಬಿಚ್ಚಿ ಕೂತವರು ಸಾಲಿಗೊಂದು ಹೂಂ ಅನ್ನುತ್ತ ಕೇಳುತ್ತಿದ್ದರು. ಹುಸೇನಪ್ಪ ಮಾತ್ರ ನಡುವೆ ಬಾಯಿ ಹಾಕುವವನು. "ತಂಗೀ, ಮಂತ್ರಿಗೋಳದ್ದು ಬಿಡು. ಎಮ್ಮಿ ದನದ್ದು ಏನಾರ ಐತೇನು ನೋಡು, ಅವು ಖರೇ ಇರ್ತಾವ."

ಹತ್ತೊಂಬತ್ತನೇ ತಾರೀಖು ಹತ್ತೂಮುಕ್ಕಾಲಿಗೆ ನಲವತ್ತೊಂದರಿಂದ ಹಾಜರ್ ಬರಲಿಲ್ಲ. ಹನ್ನೊಂದಕ್ಕೂ ಇಲ್ಲ. ಅವಳು ಫೋನು ಎತ್ತಿದಳು.

"ದೀಪ ಯಾವ ಬಣ್ಣ ಇದೆ?" ಎಂದರು ದಿವಾಕರ ಸಾಹೇಬರು.

"ಹಸಿರರಿ. ಆದ್ರ ಹುಸೇನಣ್ಣ ಮಾತಾಡದ ಇರೋನಲ್ಲ."

"ಮುನಿಸ್ಕೊಂಡಿರಬಹುದು. ಹಸಿರಿದ್ರೆ ಹಸಿರು. ಪ್ರತಿಯೊಬ್ಬರ ಮೂಡಿಗೂ ಕೇಜು ಇಳಿಸೋಕಾಗಲ್ಲ."

ಅವಳು ಫೋನು ಇಟ್ಟಳು. ಪೇಪರ್ ತೆಗೆದಳು. ಓದಿದಳು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗಿ ಜನ ಮೇಲೆ ಬಂದಾಗ ಕೇಜು ಓಡಿಸುವ ಮೌಲಾಸಾಬ ತಲೆ ಎಣಿಸಿದ. ಎಪ್ಪತ್ತೊಂದು.

* * *

ಹುಸೇನಪ್ಪನನ್ನು ಮಣ್ಣು ಮಾಡಿದ ನಾಲ್ಕನೇ ದಿನ ಹುಲಿಗೆಮ್ಮ ನಳಕ್ಕೆ ಹೋದಳು. ಸಾಲಿನಲ್ಲಿ ಒಂಬತ್ತನೇ ಜಾಗದಲ್ಲಿ ಒಂದು ಕರಿಕಲ್ಲು. ಅದು ಹುಸೇನಪ್ಪನ ಹೆಂಡತಿ ದ್ಯಾವಮ್ಮನದು. ಸಾವಾದ ಮನೆಯವರು ಹನ್ನೊಂದು ದಿನ ನೀರಿಗೆ ಬರುವುದಿಲ್ಲ. ನೆರೆಯವರೇ ತುಂಬಿ ಕೊಡಬೇಕು. ಕಲ್ಲಿನ ಸರದಿ ಬಂದಾಗ ಒಬ್ಬಳು ತನ್ನ ಕೊಡ ಬದಿಗಿಟ್ಟು ದ್ಯಾವಮ್ಮನ ಕೊಡ ತುಂಬಿದಳು.

ಹುಲಿಗೆಮ್ಮ ತನ್ನ ಕೊಡ ಇಟ್ಟಳು.

"ತಂತಿ ಬಾಯಿ ಬಂದ್ಲು," ಎಂದಳು ಒಬ್ಬಳು, ಯಾರಿಗೂ ಅಲ್ಲದಂತೆ. "ದಿನಾ ಪೇಪರ್ ಓದಿ ಹೇಳ್ತಿದ್ಲಲ್ಲ. ಹುಸೇನಣ್ಣಂದು ಪೇಪರಿನ್ಯಾಗ ಬಂತೇನವ್ವಾ?"

"ದಲಾಲಿನ್ನ ಕೇಳಿ ಹೇಳ್ತಾಳ ತಡಿ."

ಹುಲಿಗೆಮ್ಮ ನಳದ ಬಾಯಿಯನ್ನೇ ನೋಡುತ್ತ ನಿಂತಳು. ಕೊಡ ತುಂಬಿದ ಮೇಲೆ ಸೊಂಟಕ್ಕೇರಿಸಿ, ದ್ಯಾವಮ್ಮನ ಕೊಡವನ್ನೂ ಎತ್ತಿಕೊಂಡಳು. ಯಾರೂ ತಡೆಯಲಿಲ್ಲ. ಕೈಯನ್ನೂ ಕೊಡಲಿಲ್ಲ.

ದ್ಯಾವಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಅತ್ತ ಕಣ್ಣಲ್ಲ, ನಿದ್ದೆಗೆಟ್ಟ ಕಣ್ಣು. "ಒಳಗ ಬಾ. ಕದ ಮುಂದ ಮಾಡು," ಎಂದಳು. ಗೋಡೆಯ ಗೂಡಿನಿಂದ ಕಂಪನಿಯ ಕಾಗದ ತೆಗೆದು ಕೊಟ್ಟಳು. "ಓದು. ನನಗೂ ಓದಾಕ ಬರ್ತೈತಿ. ನಿನ್ನ ಬಾಯಾಗ ಕೇಳಬೇಕಾಗೇತಿ."

ಹುಲಿಗೆಮ್ಮ ಓದಿದಳು. ಸದರಿ ನೌಕರನು ಅವಘಡದ ನಂತರ ಸಂಪರ್ಕಕ್ಕೆ ಯತ್ನಿಸಿರುವುದಿಲ್ಲ. ಆದಕಾರಣ ಮರಣವು ತತ್‌ಕ್ಷಣ ಸಂಭವಿಸಿರುವುದೆಂದು ಭಾವಿಸಲಾಗಿದೆ.

"ಯತ್ನಿಸಿಲ್ಲಂತ," ಎಂದಳು ದ್ಯಾವಮ್ಮ. "ನಿದ್ದ್ಯಾಗೂ ಮಾತಾಡ್ತಿದ್ದ ಗಂಡಸು. ಮೂವತ್ತು ವರ್ಷ ಬಾಯಿ ಮುಚ್ಚು ಅಂತ ನಾನೇ ಬೈದೀನಿ. ಮುಚ್ಚಿದ್ದು ಇದೊಂದು ಸಲ ಏನು?"

ಅವಳು ಎದ್ದು ಜೋಳದ ಡಬ್ಬದೊಳಗೆ ಮೊಳಕೈಯವರೆಗೆ ಕೈ ಹಾಕಿದಳು. ಕಾಳು ಸರಿಸಿ ಟೊಪ್ಪಿಗೆ ಎತ್ತಿದಳು. ಎಡಮಗ್ಗುಲು ಚಪ್ಪಟೆಯಾಗಿತ್ತು. ಮುಂಭಾಗದ 41 ಎಂಬ ಅಂಕಿ ಅಳಿಸಿರಲಿಲ್ಲ.

"ಇದನ್ನ ಹುಡುಕಾಕತ್ತಾರ ಅತ್ತಿಗಿ. ಕಂಪನಿ ಆಸ್ತಿ ಅಂತ ಸಾಹೇಬ ದಿನಾ ಕೇಳ್ತಾನ."

"ಎರಡು ಸಲ ಬಂದು ಹೋದ್ರು. ಹೆಣದ ಜೋಡಿ ಮಣ್ಣಿಗಿಟ್ಟೆ, ಬೇಕಂದ್ರ ತೋಡ್ರಿ ಅಂದೆ. ಹೋದ್ರು. ನೀ ಹನ್ನೆರಡು ವರ್ಷ ತಂತ್ಯಾಗ ಬಾಳೇ ಮಾಡೀದಿ. ಇದರಾಗ ಏನರ ಐತೇನು ನೋಡು."

ಇತ್ತು. ವಿಚಾರಣೆಗೆ ಬೇಕಾದೀತೆಂದು ಪ್ರತಿ ಟೊಪ್ಪಿಗೆಯೂ ಕೊನೆಯ ಪಾಳಿಯ ಸದ್ದನ್ನೆಲ್ಲ ತನ್ನೊಳಗೇ ಇಟ್ಟುಕೊಳ್ಳುತ್ತದೆ, ತಂತಿಯಲ್ಲಿ ಮನೆ ಸಿಗಲಿ ಬಿಡಲಿ. ಹುಲಿಗೆಮ್ಮ ಚೀಲದಿಂದ ಟೊಪ್ಪಿಗೆ ಪರೀಕ್ಷಿಸುವ ಇಯರ್‌ಫೋನ್ ತೆಗೆದು ಸಿಕ್ಕಿಸಿದಳು. ಒಂದು ತುದಿ ತನ್ನ ಕಿವಿಗೆ, ಇನ್ನೊಂದು ದ್ಯಾವಮ್ಮನ ಕಿವಿಗೆ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕೂತರು.

ಉಳಿಯ ಸದ್ದು. ಹುಸೇನಪ್ಪ ಇರುವೆಯೊಂದನ್ನು ಬೈಯುವುದು: "ಸರಿಯಲೇ, ಕಾಲಾಗ ಬರಬ್ಯಾಡ." ಮತ್ತೆ ಉಳಿ. ಹತ್ತು ಮೂವತ್ತೆಂಟಕ್ಕೆ ಬೆಟ್ಟ ಹಲ್ಲು ಕಡಿದಂಥ ಸದ್ದು. ಆಮೇಲೆ ಎರಡು ನಿಮಿಷಕ್ಕೂ ಮಿಕ್ಕಿ ಮಣ್ಣು ಜಾರುವ ಸದ್ದು ಮಾತ್ರ. ಮನುಷ್ಯ ಎಚ್ಚರ ತಪ್ಪಿದ್ದ ಆ ಹೊತ್ತಿನಲ್ಲೇ ದಲಾಲಿ ಅವನ ಮನೆ ಕಿತ್ತದ್ದು.

ಆಮೇಲೆ ಉಸಿರು. ಆಮೇಲೆ, ತುಟಿ ಬಿಚ್ಚದ, ಗಂಟಲಿನಿಂದಲೇ ಬಂದ ಒಂದು ಸದ್ದು.

ಹೂಂ.

"ದವಡಿ ಮುರದಿತ್ತು," ಎಂದಳು ದ್ಯಾವಮ್ಮ ಕಣ್ಣು ಮುಚ್ಚಿಕೊಂಡೇ. "ಮೈ ತೊಳದಾಕಿ ನಾನು."

ಟೊಪ್ಪಿಗೆಯೊಳಗೆ ಹುಲಿಗೆಮ್ಮನದೇ ದನಿ, ದೂರದಿಂದ ಬಂದಂತೆ: ಎಲ್ಲಾರೂ ಅದೀರೇನ್ರಪಾ? ಅವನು ಹೂಂ ಅಂದ. ಅವಳು ಕರೆದಳು: ನಲವತ್ತೊಂದು, ಹುಸೇನಣ್ಣಾ? ಹೂಂ. ಹುಸೇನಣ್ಣಾ, ಮುನಿಸೇನು? ಹೂಂ, ಹೂಂ, ಹೂಂ. ಟೊಪ್ಪಿಗೆ ಕೇಳಿಸಿಕೊಂಡಿತ್ತು. ಮಾತಲ್ಲವೆಂದು ಸುಮ್ಮನಿತ್ತು. ಮನೆ ವಾಪಸು ಕೇಳಲಿಲ್ಲ. ಕೇಳದ ಮೇಲೆ ದಲಾಲಿ ಕೊಡಲಿಲ್ಲ.

ಹನ್ನೊಂದು ದಾಟಿತು. ಹುಲಿಗೆಮ್ಮ ತನ್ನ ದನಿ ಪೇಪರ್ ಬಿಡಿಸುವುದನ್ನು ಕೇಳಿದಳು. ಆ ದಿನ ಏನು ಓದಿದ್ದೆನೆಂದು ಅವಳಿಗೆ ಮರೆತೇ ಹೋಗಿತ್ತು. ಹಾಳುಬಾವಿಗೆ ಎಮ್ಮೆಯೊಂದು ಬಿದ್ದಿದೆ. ಹೂಂ. ಕೂಗು ಕೇಳಿದ ಕುರಿಗಾಹಿ ಊರಿಗೆ ಸುದ್ದಿ ಮುಟ್ಟಿಸಿದ್ದಾನೆ. ಹೂಂ. ಊರವರೆಲ್ಲ ಸೇರಿ ಹಗ್ಗ ಇಳಿಸಿದ್ದಾರೆ. ಹೂಂ. ಮೂರು ಗಂಟೆ ಶ್ರಮಪಟ್ಟು ಮೇಲೆತ್ತಲಾಗಿದೆ. ಹೂಂ. ಎಮ್ಮೆ ಕ್ಷೇಮವಾಗಿದೆ.

ಹೂಂ.

ಸಾಲು ಮುಗಿದಲ್ಲೆಲ್ಲ ಒಂದೊಂದು, ಒಂದೂ ತಪ್ಪದೆ. ಅವಳು ಓದು ನಿಲ್ಲಿಸಿದ ಮೇಲೂ ಅವನು ನಿಲ್ಲಿಸಲಿಲ್ಲ. ಹನ್ನೊಂದು ಐವತ್ತೆರಡಕ್ಕೆ ನಿಂತಿತು.

ದ್ಯಾವಮ್ಮ ಇಯರ್‌ಫೋನ್ ತೆಗೆದು ನೆಲಕ್ಕಿಟ್ಟಳು. ಆಮೇಲೆ ಕೇಳಿದಳು: "ಹೂಂ ಅನ್ನೋದು ಮಾತಲ್ಲಂತ ಆ ಪೆಟಗಿಗೆ ಹೇಳಿಕೊಟ್ಟೋರು ಯಾರು?"

ಕಳೆದ ಶ್ರಾವಣದಲ್ಲಿ ಕಂಪನಿಯಿಂದ ತನ್ವಿ ಎಂಬ ಎಂಜಿನಿಯರ್ ಬಂದಿದ್ದಳು. ಒಳ್ಳೆಯ ಹೆಣ್ಣುಮಗಳು, ಅಕ್ಕಾ ಅಕ್ಕಾ ಎಂದು ಬೆನ್ನು ಬಿಡದೆ ರೊಟ್ಟಿ ಬಡಿಯುವುದನ್ನೂ ಕಲಿತು ಹೋದಳು. ಕೆಳಗಿನವರ ನಾಲ್ಕು ಸಾವಿರ ದನಿಚೂರು ತಂದಿದ್ದಳು. ಒಂದೊಂದೇ ಕೇಳಿ ಎರಡು ಗುಂಡಿಯಲ್ಲಿ ಒಂದನ್ನು ಒತ್ತಬೇಕು: ಮಾತು, ಮಾತಲ್ಲ. ಈ ಗಂಟಲುಗಳನ್ನು ಹುಲಿಗೆಮ್ಮನಿಗಿಂತ ಬಲ್ಲವರು ಯಾರಿದ್ದಾರೆ? ಯಾಕೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಮ್ಮು ಮಾತಲ್ಲ. ಆಕಳಿಕೆ ಮಾತಲ್ಲ. ಮೊದಲ ಹೂಂ ಬಂದಾಗ ತನ್ವಿ ಕೇಳಿದ್ದಳು, "ಇದು ಮಾತಾ ಅಕ್ಕಾ?" ಹುಲಿಗೆಮ್ಮ ನಕ್ಕುಬಿಟ್ಟಿದ್ದಳು. "ಹೂಂ ಅಂದ್ರ ಮಾತೇನವ್ವಾ? ಕತಿ ಹೇಳೋರದು ಮಾತು. ಕೇಳೋರದು ಹೂಂ." ಗುಂಡಿ ಒತ್ತಿದ್ದಳು. ಮಾತಲ್ಲ. ಅಂಥ ಆರುನೂರು ಹೂಂಗಳ ಮೇಲೆ ಅವಳದೇ ಗುರುತಿತ್ತು. ಆ ಗುರುತುಗಳಿಂದಲೇ ದಲಾಲಿ ಯಾವುದು ಮಾತು, ಯಾವುದಲ್ಲ ಎಂದು ಕಲಿತದ್ದು. ಕರಿಗುಡ್ಡದಲ್ಲಿ ಹುಟ್ಟಿದ ಯಾರನ್ನು ಕೂರಿಸಿದ್ದರೂ ಹಾಗೇ ಒತ್ತುತ್ತಿದ್ದರು.

"ನಾನೇ ಅತ್ತಿಗಿ," ಎಂದಳು.

ದ್ಯಾವಮ್ಮ ಅವಳ ಮುಖವನ್ನು ನೋಡಿದಳು. ಹೊಡೆಯುತ್ತಾಳೆಂದು ಹುಲಿಗೆಮ್ಮ ಕಾದಳು, ಹೊಡೆದಿದ್ದರೆ ಹಗುರಾಗುತ್ತಿತ್ತು. ದ್ಯಾವಮ್ಮ ಟೊಪ್ಪಿಗೆ ಎತ್ತಿ ಮತ್ತೆ ಜೋಳದೊಳಗೆ ಹುಗಿದಳು, ಮೇಲೆ ಕಾಳು ಸರಿಮಾಡಿದಳು.

"ನೀರು ತಂದು ಕೊಟ್ಟಿ. ಹೋಗು," ಎಂದಳು. ಹುಲಿಗೆಮ್ಮ ಕದ ತೆಗೆದಾಗ ಹಿಂದಿನಿಂದ ಇನ್ನೊಂದು ಮಾತು ಬಂತು. "ನನ್ನ ಮುಂದ ಹೇಳಿದ್ದು ದೊಡ್ಡದಲ್ಲ. ಎಲ್ಲಿ ಹೇಳಬೇಕೋ ಅಲ್ಲಿ ಹೇಳತಿಯೇನು, ಅದನ್ನ ನೋಡ್ತೀನಿ."

* * *

ಮಾರ್ಚ್ ಒಂದನೇ ತಾರೀಖು ಮಧ್ಯಾಹ್ನ ಒಂದೂವರೆಗೆ ದಿವಾಕರ ಸಾಹೇಬರೇ ತಂತಿಮನೆಗೆ ಬಂದರು. ಅವರು ಬರುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ಕುಂಬಳಕಾಯಿ ಒಡೆಯಲು.

"ಇವತ್ತು ಎರಡು ಗಂಟೆ ಪಾಳಿಯಿಂದ ಎಪ್ಪತ್ತೆರಡೂ ಹೊಸ ವ್ಯವಸ್ಥೆಗೆ ಹೋಗುತ್ತೆ. ಹಳೇ ಮನೆಪಟ್ಟಿ ತೆಗೆದುಹಾಕಿದಾರೆ. ನೀನು ಎಂದಿನ ಹಾಗೆ ಗಂಟೆ ಒತ್ತು, ಅಷ್ಟೇ."

ಗಂಟೆಯ ನಿಯಮ ತಂತಿಯಷ್ಟೇ ಹಳೆಯದು. ಕೇಜು ಇಳಿಯುವ ಮುಂಚೆ ತಂತಿಮನೆಯವರು ಎಲ್ಲರ ದನಿ ಕೇಳಬೇಕು. ಕೇಳಿದೆನೆಂದು ಗಂಟೆ ಒತ್ತಬೇಕು. ಆ ಗುಂಡಿ ಪಾಳಿಯ ಮೇಲಿರುವವರ ಹೆಬ್ಬೆಟ್ಟಿಗಲ್ಲದೆ ಅಲುಗದು. ಗಂಟೆಯಾಗದೆ ಮೌಲಾಸಾಬ ಕೇಜಿನ ಹಿಡಿಕೆ ಎಳೆಯಲಾರ.

ಹುಲಿಗೆಮ್ಮ ಮೇಜಿನ ಖಾನೆಯಿಂದ ನಾಲ್ಕು ಹಾಳೆ ತೆಗೆದಳು. "ಇದನ್ನೊಂದು ನೋಡ್ರಿ ಸಾಹೇಬ್ರ. ಹತ್ತೊಂಬತ್ತನೇ ತಾರೀಖು ನಲವತ್ತೊಂದನೇ ಮನ್ಯಾಗ ಹೋದ ವರದಿ. ಹದಿನಾರು ಇರುವಿ ಒಂದೂಕಾಲು ತಾಸಿನ್ಯಾಗ ಮುನ್ನೂರಾ ಹನ್ನೆರಡು ಸಲ ಒಂದೇ ಮಾತು ಹೇಳ್ಯಾವ. ಓದ್ಲೇನು? ಮುಂದೆ ಅಡ್ಡಿಯಿದೆ, ಅಡ್ಡಿ ಬೆಚ್ಚಗಿದೆ, ಬಳಸಿ ಹೋಗುತ್ತಿದ್ದೇನೆ."

ಸಾಹೇಬರು ಹಾಳೆಯನ್ನು ಮುಟ್ಟಲಿಲ್ಲ.

"ಅವನ ಮನ್ಯಾಗ ಕುಂತು, ಅವನನ್ನ ಬಳಸಿ ಹೊಂಟೀವಿ ಅಂತ ಅವು ನಿಮಗ ಹೇಳ್ಯಾವ. ನೀವು ಓದಿಲ್ಲ."

"ಓದಬೇಕಾಗಿದ್ದು ಯಂತ್ರ. ಮುಂದಿನ ಆವೃತ್ತಿಯಲ್ಲಿ ಸರಿ ಮಾಡ್ತಾರೆ."

"ಹೂಂ ಅನ್ನೋದನ್ನ ಮಾತಂತ ಇವತ್ತೇ ಮಾಡ್ರಿ. ಆಮ್ಯಾಲ ಇಳಸ್ರಿ."

"ಕೇಳಿದೀನಿ. ಆಗಲ್ಲ ಅಂತಾರೆ. ಇವರು ಇಡೀ ದಿನ ಹೂಂ ಅಂತಾನೇ ಇರ್ತಾರೆ. ಅದನ್ನ ಮಾತು ಅಂದ್ರೆ ಮನೆ ಖಾಲಿನೇ ಆಗಲ್ಲ. ಆಮೇಲೆ ಇರುವೆಗಳಿಗೇನು ಕೊಡೋದು?"

"ಎರಡನೇ ತಂತಿ."

"ಹುಲಿಗೆಮ್ಮ," ಎಂದರು ಸಾಹೇಬರು, ಅದೇ ಏರದ ದನಿಯಲ್ಲಿ. "ನಿಂಗೆ ಒಳ್ಳೇದಾಗ್ಲಿ ಅಂತ ಹೇಳ್ತಿದೀನಿ. ಹೂಂ ಮಾತಲ್ಲ ಅಂತ ಗುರುತು ಹಾಕಿದ್ದು ಎಂಜಿನಿಯರ್ ಅಲ್ಲ, ನಾನಲ್ಲ. ಆರುನೂರು ಕಡೆ ನಿನ್ನ ಹೆಸರಿದೆ. ವಿಚಾರಣೆಗೆ ಕಳಿಸೋಕೆ ಎರಡು ವರದಿ ನನ್ನ ಟೇಬಲ್ ಮೇಲಿವೆ. ಒಂದ್ರಲ್ಲಿ ಕಲ್ಲು ಬಿತ್ತು, ತಕ್ಷಣ ಸತ್ತ. ಇನ್ನೊಂದ್ರಲ್ಲಿ ನಿನ್ನ ತಪ್ಪು ಗುರುತಿನಿಂದ ಒಂದು ಜೀವ ಹೋಯ್ತು. ಯಾವುದು ಹೋಗಬೇಕು ಅನ್ನೋದು ನಿನ್ನ ಕೈಲಿದೆ. ಕೆಲಸ, ಕ್ವಾರ್ಟರ್ಸು, ಎಲ್ಲಾ ಯೋಚನೆ ಮಾಡು."

ಕಿಟಕಿ ತೆರೆದಿತ್ತು. ಅಲ್ಲಿಂದ ಐವತ್ತು ಹೆಜ್ಜೆಗೆ ಕೇಜಿನ ಕಟ್ಟೆ. ಎರಡನೇ ಪಾಳಿಯವರು ಟೊಪ್ಪಿಗೆ ಹಾಕಿ, ರೊಟ್ಟಿಯ ಗಂಟು ಹಿಡಿದು ಸಾಲಾಗಿ ನಿಂತಿದ್ದರು. ಮೌಲಾಸಾಬ ಹಿಡಿಕೆಯ ಮೇಲೆ ಕೈಯಿಟ್ಟು ತಂತಿಮನೆಯ ಕಡೆಗೇ ನೋಡುತ್ತಿದ್ದ. ಬೇಲಿಯಾಚೆ ಕ್ವಾರ್ಟರ್ಸಿನ ಹೆಂಗಸರು ನಾಲ್ಕಾರು ಜನ ಬಂದು ನಿಂತಿದ್ದರು. ಅವರ ನಡುವೆ ದ್ಯಾವಮ್ಮ, ಹನ್ನೊಂದು ದಿನ ಮುಗಿಸಿ ಮೊದಲ ಸಲ ಹೊಸ್ತಿಲು ದಾಟಿದವಳು, ಸೊಂಟದ ಮೇಲೆ ಕೊಡ.

ಎರಡಕ್ಕೆ ಎರಡು ನಿಮಿಷವಿತ್ತು. ಹುಲಿಗೆಮ್ಮ ಕಿವಿಗೆ ಹೆಡ್‌ಫೋನ್ ಏರಿಸಿದಳು. ಆಮೇಲೆ ಏನೋ ನೆನಪಾದವಳಂತೆ ಒಂದು ಕಿವಿಯದನ್ನು ಸರಿಸಿ ಕೆನ್ನೆಗೆ ತಂದಳು. ಮೈಕಿನಲ್ಲಿ ಕೇಳಿದಳು:

"ಎಲ್ಲಾರೂ ಅದೀರೇನ್ರಪಾ?"

ಕಿಟಕಿಯಿಂದ ಬಂತು. ನೋಟೀಸಿನ ಹಾಜರ್ ಅಲ್ಲ, ಎಪ್ಪತ್ತೆರಡು ಎದೆಯಿಂದ ಒಮ್ಮೆಗೇ ಎದ್ದದ್ದು, ಮೇಜಿನ ಮೇಲಿನ ನೀರಿನ ಲೋಟವನ್ನು ನಡುಗಿಸಿದ್ದು. ಹೂಂ.

ಹೆಡ್‌ಫೋನಿನಲ್ಲಿ ಏನೂ ಇಲ್ಲ. ಹಲಗೆಯ ಮೇಲೆ ಎಪ್ಪತ್ತೆರಡು ದೀಪ ಮಿಣುಕದೆ ಹಸಿರಾಗಿ ನಿಂತಿದ್ದವು.

ಅವಳು ಎದ್ದು ಸಾಹೇಬರ ಮುಂದೆ ಹೆಡ್‌ಫೋನ್ ಹಿಡಿದಳು. "ಕೇಳ್ರಿ."

"ನಾನ್ಯಾಕೆ ಕೇಳಬೇಕು? ಎಲ್ಲಾ ಹಸಿರಿದೆ. ಗಂಟೆ ಒತ್ತು."

"ಕಿಟಕ್ಯಾಗ ಬಂದದ್ದು ನಿಮಗೂ ಕೇಳೇತಿ. ತಂತ್ಯಾಗ ಬಂದಿಲ್ಲ. ಎಲ್ಲರ ದನಿ ಕೇಳಿದೆ ಅಂತ ಒತ್ತೋ ಗಂಟಿ ಅದು. ನನಗ ಒಂದೂ ಕೇಳಿಲ್ಲ."

"ಎರಡು ಗಂಟೆ ಆಯ್ತು."

"ಆ ಗುರುತು ಹಾಕಿದಾಕಿ ನಾನೇ. ಆರುನೂರೂ ನನ್ನವೇ. ಎರಡನೇ ವರದಿ ಕಳಸ್ರಿ, ನನ್ನ ಹೆಸರು ದೊಡ್ಡದಾಗಿ ಬರೀರಿ. ಟೊಪಿಗಿ ಎಲ್ಲೈತಿ ಅಂತ ವಿಚಾರಣೆಯೋರು ಕೇಳಿದ್ರ ಅದನ್ನೂ ನಾನೇ ಹೇಳ್ತೀನಿ. ಅದರಾಗ ಎಪ್ಪತ್ತು ನಿಮಿಷ ಐತಿ. ಅವರು ಕುಂತು ಪೂರ್ತಿ ಕೇಳಲಿ."

ಸಾಹೇಬರ ಮುಖದಲ್ಲಿ ಮೊದಲ ಸಲ ಏನೋ ಅಲುಗಿತು. ಅವರು ಗಡಿಯಾರ ನೋಡಿದರು, ಕಟ್ಟೆಯ ಮೇಲಿನ ಜನರನ್ನು ನೋಡಿದರು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದರು. ಹಿಡಿದ ಮೇಲೆ ಕಿಟಕಿ ತೆರೆದಿದೆಯೆಂದು ಹೊಳೆದು ಬಿಟ್ಟರು.

"ಕೊನೇ ಸಲ ಹೇಳ್ತಿದೀನಿ. ಅದು ಆರ್ಡರ್. ಗಂಟೆ ಒತ್ತು."

ಕೆಳಗೆ ಮೂರು ಸಾವಿರ ಇರುವೆಗಳು ಹೊಸದಾಗಿ ಸಿಕ್ಕ ಮನೆಗಳಲ್ಲಿ ಏನೇನೋ ವರದಿ ಮಾಡುತ್ತಿದ್ದವು. ಪರದೆಯ ಮೇಲೆ ಅಂಕಿಗಳು ಮಳೆಹುಳದಂತೆ ಏಳುತ್ತಿದ್ದವು. ಹುಲಿಗೆಮ್ಮ ಕುರ್ಚಿಯಲ್ಲಿ ಕೂತಳು. ಬಲಗೈ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಮೈಕು ತೆರೆದೇ ಇತ್ತು. ಅವಳ ದನಿ ಎಪ್ಪತ್ತೆರಡು ಟೊಪ್ಪಿಗೆಯೊಳಗೂ ಹೋಗುತ್ತಿತ್ತು.

"ಒಲ್ಲೆ," ಎಂದಳು.